ಬೆಂಗಳೂರಿನಲ್ಲಿ ಉಚಿತ ಬಯಲು ನಾಟಕ ನೋಡಲು ಎರಡು ದಿನ: ಹೊರಡುವ ಮೊದಲು ಇಷ್ಟು ಓದಿಕೊಳ್ಳಿ

"ಟಿಕೆಟ್ಟೇ ಇಲ್ಲ ಅಂದ್ರೆ ಸೀಟು ಹೆಂಗೆ ಸಿಗುತ್ತೆ? ಮಳೆ ಬಂದ್ರೆ? ರಾತ್ರಿ ಮುಗಿದ ಮೇಲೆ ಊರಿಗೆ ಬಸ್ಸು ಇರುತ್ತಾ?" ಬಯಲು ನಾಟಕಗಳ ಬಗ್ಗೆ ಬರೆದಾಗಲೆಲ್ಲ ಹಾಸನ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯ ಓದುಗರು ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದು ಅಭಿಮಾನಿಗಳ ನಾಟಕಕ್ಕೆ ಬರುವವರಿಗಾಗಿ ಬರೆದದ್ದು. ಒಂದು ಕಾದಂಬರಿಯನ್ನೋ, ಒಬ್ಬ ಕವಿಯನ್ನೋ, ಚಿಕ್ಕಂದಿನಲ್ಲಿ ನೋಡಿದ ಧಾರಾವಾಹಿಯನ್ನೋ ಹಚ್ಚಿಕೊಂಡವರು ಸೇರಿ, ತಾವೇ ಬರೆದು, ತಾವೇ ಬಣ್ಣ ಹಚ್ಚಿಕೊಂಡು, ಪಾರ್ಕಿನಲ್ಲೋ ಬಯಲು ರಂಗಮಂದಿರದಲ್ಲೋ ಆಡುವ ನಾಟಕ. ಆಡುವವರು ವಾರವಿಡೀ ಬೇರೆ ಕೆಲಸದಲ್ಲಿರುತ್ತಾರೆ. ತಾಲೀಮು ನಡೆಯುವುದು ರಾತ್ರಿ ಹೊತ್ತು, ಯಾರದೋ ಮನೆಯ ಮಹಡಿ ಮೇಲೆ.

ಪ್ರವೇಶ ಉಚಿತವಾಗಿರುವುದಕ್ಕೆ ಅವರ ಪ್ರೀತಿಯ ಜೊತೆಗೆ ಕಾನೂನಿನ ಕಾರಣವೂ ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ, ಅಂದರೆ ಕಾಪಿರೈಟ್ ಕಾಯ್ದೆಯ, 52ನೇ ಸೆಕ್ಷನ್ ಪ್ರಕಾರ ಹವ್ಯಾಸಿ ಸಂಘವೊಂದು ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಕೃತಿಯೊಂದನ್ನು ಆಡಿದರೆ ಅದು ಹಕ್ಕಿನ ಉಲ್ಲಂಘನೆ ಅನ್ನಿಸುವುದಿಲ್ಲ. ಟಿಕೆಟ್ ಇಟ್ಟರೆ ಆ ರಿಯಾಯಿತಿ ಹೋಗುತ್ತದೆ. ಕಾದಂಬರಿಯನ್ನು ನಾಟಕಕ್ಕೆ ಅಳವಡಿಸಲು ಲೇಖಕರ ಅಥವಾ ಅವರ ಮನೆಯವರ ಒಪ್ಪಿಗೆಯ ವಿಚಾರ ಬೇರೆ. ಅದನ್ನು ತಂಡ ನೋಡಿಕೊಳ್ಳುತ್ತದೆ.

ಮೊದಲೇ ಒಂದು ಮಾತು. ಎರಡು ದಿನಕ್ಕೆ ಬೆಂಗಳೂರಿಗೆ ಬರುವವರು ನೋಡಬೇಕಾದ ಜಾಗಗಳ ದೊಡ್ಡ ಪಟ್ಟಿ ಹಿಡಿದು ಬರುತ್ತಾರೆ; ನಾಟಕ ಆ ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಸಂಜೆ ಆರಕ್ಕೆ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅದೇ ತಪ್ಪಿಹೋಗುತ್ತದೆ. ನಾಟಕವನ್ನು ಗೂಟ ಮಾಡಿಕೊಳ್ಳಿ, ಉಳಿದದ್ದೆಲ್ಲ ಅದರ ಸುತ್ತ ಹಗ್ಗದಷ್ಟೇ ದೂರ ಇರಲಿ. ಕೆಳಗಿನ ಹಂತಗಳನ್ನೆಲ್ಲ ಇದೇ ಲೆಕ್ಕದಲ್ಲಿ ಬರೆದಿದ್ದೇನೆ.

ಹಂತ 1: ದಿನ ಆರಿಸಿಕೊಳ್ಳಿ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಯಲಲ್ಲಿ ಕೂರಲು ಒಳ್ಳೆಯ ಕಾಲ. ಆಕಾಶ ತಿಳಿಯಾಗಿರುತ್ತದೆ, ಆರೂವರೆಗೆಲ್ಲ ಕತ್ತಲಾಗಿ ರಂಗದ ಬೆಳಕು ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಈ ಊರಿನ ಜೋರು ಮಳೆಯ ತಿಂಗಳುಗಳು. ಏಪ್ರಿಲ್, ಮೇ ಮಳೆ ಇನ್ನೊಂದು ಬಗೆ: ಹಗಲೆಲ್ಲ ಬಿಸಿಲು ಕಾದು, ಮಧ್ಯಾಹ್ನ ಮೋಡ ಕಟ್ಟಿ, ಸರಿಯಾಗಿ ಸಂಜೆ ಐದರಿಂದ ಎಂಟರೊಳಗೆ ಗುಡುಗಿನ ಸಮೇತ ಸುರಿಯುತ್ತದೆ. ನಾಟಕದ ಹೊತ್ತೂ ಅದೇ. ಬೆಳಗ್ಗೆ ಬಿಸಿಲು ಕಂಡು ರೇನ್‌ಕೋಟ್ ಲಾಡ್ಜಿನಲ್ಲೇ ಬಿಟ್ಟುಬರಬೇಡಿ.

ಎರಡು ದಿನ ಪ್ರದರ್ಶನ ಇದ್ದರೆ ಶನಿವಾರದ್ದಕ್ಕೇ ಬನ್ನಿ. ಕಾರಣ ಸರಳ. ಶನಿವಾರ ಮಳೆಗೆ ನಿಂತರೆ ಭಾನುವಾರ ಕೈಯಲ್ಲಿರುತ್ತದೆ. ಭಾನುವಾರದ್ದನ್ನೇ ನಂಬಿ ಬಂದು, ಅವತ್ತೇ ಮಳೆ ಬಂದರೆ ಸೋಮವಾರದ ಕೆಲಸಕ್ಕೆ ಬರಿಗೈಯಲ್ಲಿ ವಾಪಸ್ ಹೋಗಬೇಕಾಗುತ್ತದೆ.

ಹಂತ 2: ಜಾಗ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಬೆಂಗಳೂರಿನಲ್ಲಿ ಕಲಾಕ್ಷೇತ್ರ, ಕಲಾಗ್ರಾಮ, ಕಲಾಸೌಧ ಮೂರೂ ಬೇರೆ ಬೇರೆ. ರವೀಂದ್ರ ಕಲಾಕ್ಷೇತ್ರ ಟೌನ್‌ಹಾಲ್ ಹತ್ತಿರ ಜೆ.ಸಿ. ರಸ್ತೆಯಲ್ಲಿದೆ. ಕಲಾಗ್ರಾಮ ಬೆಂಗಳೂರು ವಿಶ್ವವಿದ್ಯಾಲಯದ ಕಡೆ, ಮಲ್ಲತ್ತಹಳ್ಳಿಯಲ್ಲಿ. ಕೆ.ಎಚ್. ಕಲಾಸೌಧ ಹನುಮಂತನಗರದಲ್ಲಿ. ಹಾಸನದಿಂದ ಬಂದ ಒಂದು ಕುಟುಂಬ ಕಲಾಗ್ರಾಮ ಅನ್ನುವುದನ್ನು ಕಲಾಕ್ಷೇತ್ರ ಅಂತ ಓದಿಕೊಂಡು ಜೆ.ಸಿ. ರಸ್ತೆಗೆ ಹೋಗಿ, ಅಲ್ಲಿಂದ ಮಲ್ಲತ್ತಹಳ್ಳಿ ಮುಟ್ಟುವ ಹೊತ್ತಿಗೆ ನಾವು ರಂಗಪರಿಕರಗಳನ್ನು ಗಾಡಿಗೆ ತುಂಬುತ್ತಿದ್ದೆವು. ಜೊತೆಗಿದ್ದ ಅಜ್ಜಿಯ ಮುಖ ನೋಡಲು ಆಗಲಿಲ್ಲ.

ಪೋಸ್ಟರಿನಲ್ಲಿ "ಸಂಸ" ಅಂತಷ್ಟೇ ಇದ್ದರೆ ಅದು ರವೀಂದ್ರ ಕಲಾಕ್ಷೇತ್ರದ ಆವರಣದಲ್ಲೇ ಇರುವ ಸಂಸ ಬಯಲು ರಂಗಮಂದಿರ. ಮೈಸೂರು ಅರಸರ ಚರಿತ್ರೆಯ ಮೇಲೆ ನಾಟಕ ಬರೆದ ಸಂಸರ ಹೆಸರು ಅದು. ಅವರು ಬರೆದ 23 ನಾಟಕಗಳಲ್ಲಿ ನಮಗೆ ಉಳಿದಿರುವುದು ಆರೇ ಆರು. ಮುಖ್ಯ ಕಟ್ಟಡದ ಬಾಗಿಲಲ್ಲಿ ನಿಂತು ಕಾಯಬೇಡಿ. ಒಳಗೆ ಬೇರೊಂದು ಕಾರ್ಯಕ್ರಮ ನಡೆಯುತ್ತಿರಬಹುದು. 1972ರಲ್ಲಿ ಬಿ.ವಿ. ಕಾರಂತರು ಹೊಸ ನಾಟಕಗಳನ್ನು ಬಯಲಿಗೆ ತಂದದ್ದು ಇದೇ ಕಲಾಕ್ಷೇತ್ರದ ಹಿಂಬದಿಯಲ್ಲಿ. ಅಲ್ಲಿ ಕೂತಾಗ ನನಗೆ ಇದು ಪ್ರತಿ ಸಲ ನೆನಪಾಗುತ್ತದೆ.

ಕಬ್ಬನ್ ಪಾರ್ಕ್ ಅಂತ ಬರೆದಿದ್ದರೆ ಅಷ್ಟೇ ಸಾಲದು. ಪಾರ್ಕಿಗೆ ಹಲವು ಗೇಟುಗಳಿವೆ, ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ ಒಂದು ದೃಶ್ಯ ಮುಗಿದಿರುತ್ತದೆ. ಬ್ಯಾಂಡ್ ಸ್ಟ್ಯಾಂಡ್ ಹತ್ತಿರವೋ, ಬಾಲಭವನದ ಕಡೆಯೋ, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಹಿಂದೆಯೋ ಅಂತ ಗುರುತು ಕೇಳಿಕೊಳ್ಳಿ. ಪಾರ್ಕು ತೋಟಗಾರಿಕೆ ಇಲಾಖೆಯದ್ದು, ಅಲ್ಲಿ ಆಡಲು ಅವರ ಅನುಮತಿ ಬೇಕು. ಕೊನೆ ಗಳಿಗೆಯಲ್ಲಿ ಜಾಗ ಬದಲಾಗುವುದು ಹೆಚ್ಚಾಗಿ ಅನುಮತಿಯ ವಿಚಾರಕ್ಕೇ. ಹಾಗಾಗಿ ಹೊರಡುವ ಹಿಂದಿನ ದಿನ ಒಂದು ಸಲ, ನಾಟಕದ ದಿನ ಮಧ್ಯಾಹ್ನ ಇನ್ನೊಂದು ಸಲ ತಂಡದವರನ್ನು ಕೇಳಿ. ಬೇಸರ ಮಾಡಿಕೊಳ್ಳುವವರು ಯಾರೂ ಇಲ್ಲ. ಅಷ್ಟು ದೂರದಿಂದ ಬರುತ್ತಿದ್ದೀರಿ ಅಂದರೆ ಅವರಿಗೇ ಸಂತೋಷ.

ಚಿನ್ನಸ್ವಾಮಿ ಕ್ರೀಡಾಂಗಣ ಪಾರ್ಕಿನ ಪಕ್ಕದಲ್ಲೇ ಇದೆ. ಅವತ್ತು ಕ್ರಿಕೆಟ್ ಪಂದ್ಯ ಇದೆಯೇ ಅಂತಲೂ ನೋಡಿಕೊಳ್ಳಿ. ಇದ್ದರೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ಬದಲು ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಹೈಕೋರ್ಟ್ ಕಡೆಯಿಂದ ಪಾರ್ಕಿನೊಳಗೆ ಬನ್ನಿ.

ಹಂತ 3: ಬರುವ, ಹೋಗುವ ಟಿಕೆಟ್

ಹೋಗುವ ಟಿಕೆಟ್ಟನ್ನು ಬರುವ ಟಿಕೆಟ್ಟಿನ ಜೊತೆಗೇ ಮಾಡಿಸಿ. ಭಾನುವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಬಸ್ಸು, ರೈಲು ಎರಡೂ ತುಂಬಿರುತ್ತವೆ. ಕೆಎಸ್‌ಆರ್‌ಟಿಸಿಯಲ್ಲಿ ಎರಡೂ ಕಡೆಯ ಟಿಕೆಟ್ ಒಟ್ಟಿಗೆ ಮಾಡಿಸಿದರೆ ವಾಪಸ್ ಪ್ರಯಾಣಕ್ಕೆ ಶೇ. 10 ರಿಯಾಯಿತಿ ಇದೆ. ರೈಲಿನಲ್ಲಿ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಆದರೆ ಇಂಥ ನಾಟಕಗಳ ದಿನಾಂಕ ಅಷ್ಟು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಹೆಚ್ಚಿನವರಿಗೆ ಬಸ್ಸೇ ಗತಿ.

ಹೆಣ್ಣುಮಕ್ಕಳು ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಬರಬಹುದು, ಆದರೆ ಸಾಮಾನ್ಯ ಬಸ್ಸಿನಲ್ಲಿ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಕೈಯಲ್ಲಿರಲಿ. ಊರೊಳಗಿನ ಬಿಎಂಟಿಸಿ ಸಾಮಾನ್ಯ ಬಸ್ಸಿಗೂ ಇದೇ ನಿಯಮ.

ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂತಿರಬೇಕಿಲ್ಲ. ಹಾಸನ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಊರೊಳಗೆ ಬರುತ್ತವೆ. ದಾಸರಹಳ್ಳಿ ಅಥವಾ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹತ್ತಿ. ಮೈಸೂರು, ಮಂಡ್ಯ ಕಡೆಯವರು ಕೆಂಗೇರಿಯಲ್ಲಿ, ಕೋಲಾರದ ಕಡೆಯವರು ಕೆ.ಆರ್. ಪುರದಲ್ಲಿ ನೇರಳೆ ಮಾರ್ಗ ಹಿಡಿಯಬಹುದು. ಎರಡು ಮಾರ್ಗಗಳೂ ಸೇರುವುದು ಮೆಜೆಸ್ಟಿಕ್‌ನಲ್ಲಿ. ಒಂದು ಎಚ್ಚರಿಕೆ: ಭಾನುವಾರ ಮೆಟ್ರೋ ಶುರುವಾಗುವುದು ಬೆಳಗ್ಗೆ ಏಳಕ್ಕೆ. ಭಾನುವಾರ ನಸುಕಿನಲ್ಲಿ ಬಂದಿಳಿಯುವವರು ಹೆದ್ದಾರಿಯಲ್ಲಿ ಇಳಿದರೆ ಮುಚ್ಚಿದ ಗೇಟಿನ ಮುಂದೆ ನಿಲ್ಲಬೇಕಾಗುತ್ತದೆ.

ಹಂತ 4: ತಂಗುವ ವ್ಯವಸ್ಥೆ

ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜುಗಳು ಸಾಕು. ರೂಮು ಹೇಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಚೆಕ್‌ಔಟ್ 24 ಗಂಟೆಯದ್ದೋ, ಮಧ್ಯಾಹ್ನ 12ರದ್ದೋ? 24 ಗಂಟೆ ಅಂದರೆ ನೀವು ಒಳಗೆ ಕಾಲಿಟ್ಟ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನ. ಮಧ್ಯಾಹ್ನದ್ದಾದರೆ, ಶನಿವಾರ ಬೆಳಗ್ಗೆ ಆರಕ್ಕೆ ಒಳಗೆ ಹೋದವರಿಗೆ ಅವತ್ತೇ 12ಕ್ಕೆ ಒಂದು ದಿನದ ಲೆಕ್ಕ ಮುಗಿಯಬಹುದು. ಮನೆಯವರೆಲ್ಲ ಬರುತ್ತಿದ್ದರೆ ಎಲ್ಲರ ಗುರುತಿನ ಚೀಟಿಯೂ ಇರಲಿ.

ರೂಮು ಬೇಡ, ಹಗಲು ಸುತ್ತಿ ಶನಿವಾರ ರಾತ್ರಿಯೇ ಹೊರಡುತ್ತೇವೆ ಅನ್ನುವವರು ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಬಹುದು. ರೈಲು ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಬೇಕು. ಬೀಗವಿಲ್ಲದ ಬ್ಯಾಗು ತೆಗೆದುಕೊಳ್ಳುವುದಿಲ್ಲ. ಒಂದು ಪುಟ್ಟ ಬೀಗ ಊರಿನಿಂದಲೇ ತನ್ನಿ.

ಹಂತ 5: ಚೀಲದಲ್ಲಿ ಏನಿರಬೇಕು

ಬಯಲು ರಂಗಮಂದಿರದ ಮೆಟ್ಟಿಲುಗಳಿಗೆ ಬೆನ್ನು ಆನಿಸಲು ಏನೂ ಇರುವುದಿಲ್ಲ. ಸಂಜೆ ಆರಕ್ಕೆ ಕೂತರೆ ಹಗಲಿನ ಬಿಸಿ ಇನ್ನೂ ಕಲ್ಲಿನಲ್ಲಿರುತ್ತದೆ. ಎಂಟರ ಹೊತ್ತಿಗೆ ಅದೇ ಕಲ್ಲು ತಣ್ಣಗಾಗಿ ಸೊಂಟಕ್ಕೆ ಹಿಡಿಯುತ್ತದೆ. ನಾಲ್ಕು ಮಡಿಕೆಯ ಜಮಖಾನವೋ ಹಳೆಯ ಕಂಬಳಿಯೋ ಇದ್ದರೆ ಎರಡು ಗಂಟೆ ನೆಮ್ಮದಿ. ಡಿಸೆಂಬರ್, ಜನವರಿಯಾದರೆ ಸ್ವೆಟರ್, ಮಕ್ಕಳಿಗೆ ಟೋಪಿ. ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಬರುವವರು ಇಲ್ಲಿನ ರಾತ್ರಿಯ ಚಳಿಯನ್ನು ಲೆಕ್ಕಕ್ಕೆ ಇಟ್ಟುಕೊಂಡಿರುವುದಿಲ್ಲ. ಸೊಳ್ಳೆಗೆ ಹಚ್ಚುವ ಮುಲಾಮು, ನೀರಿನ ಬಾಟಲಿ, ವಾಪಸ್ ಹೋಗುವಾಗ ಮೆಟ್ಟಿಲು ಇಳಿಯಲು ಒಂದು ಟಾರ್ಚ್.

ಛತ್ರಿ ಬೇಡ, ರೇನ್‌ಕೋಟ್ ತನ್ನಿ. ಮುಂದಿನ ಸಾಲಿನಲ್ಲಿ ಒಂದು ಛತ್ರಿ ಬಿಚ್ಚಿದರೆ ಹಿಂದಿನ ನಾಲ್ಕು ಸಾಲಿನವರಿಗೆ ನಾಟಕ ಮುಗಿದ ಹಾಗೆ.

ಹಂತ 6: ಶನಿವಾರದ ಹಗಲು

ಗೂಟ ಕಬ್ಬನ್ ಪಾರ್ಕಿನಲ್ಲಿದ್ದರೆ ಹಗಲೂ ಅಲ್ಲೇ ಸುತ್ತಮುತ್ತ ಇರಲಿ. ಸಂಸದಲ್ಲಿದ್ದರೆ ಬಸವನಗುಡಿ, ಲಾಲ್‌ಬಾಗ್ ಹತ್ತಿರ. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ ಈಗ 240 ಎಕರೆ. ಅದರ ಬಂಡೆ ಮೇಲೆ ಅರ್ಧ ಗಂಟೆ ಕೂತರೂ ಸಾಕು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ದೋಸೆಗೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ವಾರಾಂತ್ಯದಲ್ಲಿ ಅಲ್ಲಿ ಹೊರಗೆ ಕಾಯಬೇಕು, ಆದ್ದರಿಂದ ಬೆಳಗ್ಗೆ ಬೇಗ ಹೋಗಿ. ಸಂಜೆ ನಾಲ್ಕಕ್ಕೆ ದೋಸೆ ಸಾಲಿನಲ್ಲಿ ನಿಂತು ಆರೂವರೆಯ ನಾಟಕ ಕಳೆದುಕೊಂಡವರನ್ನು ನಾನು ಬಲ್ಲೆ.

ವೈಟ್‌ಫೀಲ್ಡ್‌ನಲ್ಲಿ ನೆಂಟರ ಮನೆ ಇದೆ, ಒಂದು ಗಳಿಗೆ ಹೋಗಿಬರುತ್ತೇವೆ ಅನ್ನುವ ಯೋಚನೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಮೂರು ಗಂಟೆಗೆ ರೂಮಿಗೆ ವಾಪಸ್ ಬಂದು ಅರ್ಧ ಗಂಟೆ ಮಲಗಿ, ಏನಾದರೂ ತಿಂದು ಹೊರಡಿ. ಬೆಳಗಿನಿಂದ ಅಲೆದ ಕಾಲುಗಳು ಎರಡನೇ ಅಂಕದಲ್ಲಿ ತೂಕಡಿಸುತ್ತವೆ. ಎದುರಿಗೆ ಆಡುತ್ತಿರುವವರಿಗೆ ನಿಮ್ಮ ಮುಖ ಕಾಣುತ್ತಿರುತ್ತದೆ.

ಸಂಸಕ್ಕೆ ಹತ್ತಿರದ ಮೆಟ್ರೋ ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣ. ಅಲ್ಲಿಂದ ಟೌನ್‌ಹಾಲ್ ಕಡೆಗೆ ಹತ್ತು ಹದಿನೈದು ನಿಮಿಷದ ನಡಿಗೆ. ವಯಸ್ಸಾದವರಿದ್ದರೆ ಆಟೋ ಹಿಡಿಯಿರಿ. ಮೀಟರಿನಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18, ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. ಇದು 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರ.

ಹಂತ 7: ಜಾಗ ಹಿಡಿಯುವುದು

ಟಿಕೆಟ್ ಇಲ್ಲದ ನಾಟಕದಲ್ಲಿ ಮೊದಲು ಬಂದವರಿಗೆ ಮೊದಲ ಜಾಗ. ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ.

ಎಲ್ಲಿ ಕೂರಬೇಕು ಅನ್ನುವುದನ್ನು ಕಿವಿಯ ಲೆಕ್ಕದಲ್ಲಿ ನಿರ್ಧರಿಸಿ. ಹವ್ಯಾಸಿಗಳ ಬಳಿ ಎಲ್ಲ ನಟರಿಗೂ ಕಾಲರ್ ಮೈಕ್, ಅಂದರೆ ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್, ಇರುವುದಿಲ್ಲ. ರಂಗದ ಅಂಚಿನಲ್ಲಿ ಎರಡು ಮೂರು ಮೈಕ್ ನಿಲ್ಲಿಸಿರುತ್ತಾರೆ, ಹಲವು ಸಲ ಅದೂ ಇಲ್ಲ. ಜೆ.ಸಿ. ರಸ್ತೆಯ ಹಾರನ್ನಿನ ನಡುವೆ ಮಾತು ಕೇಳಬೇಕಾದರೆ ನಡು ಭಾಗದ ಮೂರನೇ ನಾಲ್ಕನೇ ಮೆಟ್ಟಿಲೇ ಸರಿ. ತೀರ ಅಂಚಿಗೆ ಕೂತರೆ ನಟರು ಆ ಕಡೆ ತಿರುಗಿದಾಗ ಅರ್ಧ ಸಂಭಾಷಣೆ ಗಾಳಿಗೆ ಹೋಗುತ್ತದೆ. ಜನರೇಟರ್ ಇಟ್ಟಿರುವ ಕಡೆಯಂತೂ ಕೂರಲೇಬೇಡಿ. ಪಾರ್ಕಿನಲ್ಲಾದರೆ ನೆಲದಲ್ಲಿ ಅರ್ಧಚಂದ್ರದ ಆಕಾರಕ್ಕೆ ಕೂರುತ್ತಾರೆ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಮಂಡಿ ನೋವಿರುವ ಹಿರಿಯರಿದ್ದರೆ ಮೊದಲೇ ತಂಡಕ್ಕೆ ಹೇಳಿ, ಎಲ್ಲಿಂದಲೋ ಒಂದು ಕುರ್ಚಿ ಹೊಂದಿಸುತ್ತಾರೆ.

ಬೇಗ ಹೋದವರಿಗೆ ಇನ್ನೊಂದು ಲಾಭವಿದೆ. ಮರದ ಮರೆಯಲ್ಲಿ ಒಬ್ಬ ಹುಡುಗ ಮೊಬೈಲ್ ಬೆಳಕಿನಲ್ಲಿ ಮೀಸೆ ಬರೆದುಕೊಳ್ಳುತ್ತಿರುತ್ತಾನೆ. ರಾಣಿಯ ಪಾತ್ರದವಳು ಸೆರಗಿಗೆ ಪಿನ್ನು ಬಾಯಲ್ಲಿ ಕಚ್ಚಿಕೊಂಡು, ಅದೇ ಬಾಯಲ್ಲಿ ತನ್ನ ಮಾತು ಗುನುಗುತ್ತಿರುತ್ತಾಳೆ. ಒಳಾಂಗಣದಲ್ಲಿ ಪರದೆಯ ಹಿಂದೆ ಇರುವುದೆಲ್ಲ ಇಲ್ಲಿ ಕಣ್ಣೆದುರೇ ಇರುತ್ತದೆ. ದೂರದಿಂದ ನೋಡಿ, ಹತ್ತಿರ ಹೋಗಿ ಮಾತಾಡಿಸಬೇಡಿ. ಆಗ ಅವರ ತಲೆ ತುಂಬ ಮಾತುಗಳು ಸಾಲುಗಟ್ಟಿರುತ್ತವೆ.

ಸಾಮಾನ್ಯವಾಗಿ ಮೂರು ಬೆಲ್ ಹೊಡೆಯುತ್ತಾರೆ. ಮೊದಲನೆಯದಕ್ಕೆ ಕೂರಬೇಕು, ಎರಡನೆಯದಕ್ಕೆ ಮಾತು ನಿಲ್ಲಿಸಬೇಕು, ಮೂರನೇ ಬೆಲ್ ಆದರೆ ನಾಟಕ ಶುರು. ಜೆ.ಪಿ. ನಗರದ ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬಯಲಿನಲ್ಲಿ ಮುಚ್ಚಲು ಬಾಗಿಲಿಲ್ಲ, ಹಾಗಾಗಿ ಆ ಶಿಸ್ತು ನಮ್ಮದೇ. ತಡವಾಗಿ ಬಂದರೆ ರಂಗದ ಮುಂದೆ ಹಾದುಹೋಗಬೇಡಿ, ಹಿಂದಿನ ಮೆಟ್ಟಿಲಲ್ಲಿ ನಿಂತು ದೃಶ್ಯ ಬದಲಾದಾಗ ಕೂರಿ. ಉಚಿತ ಅಂತ ನಡುವೆ ಎದ್ದುಹೋಗುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಮೂರು ತಿಂಗಳ ತಾಲೀಮಿಗೆ ಅವರಿಗೆ ಸಿಗುವುದು ಆ ಎರಡು ಗಂಟೆಯ ನಿಮ್ಮ ಗಮನ, ಅದೊಂದೇ.

ಹಂತ 8: ಮಳೆ ಬಂದರೆ

ಹನಿ ಬಿದ್ದ ಕೂಡಲೇ ಎದ್ದು ಓಡಬೇಡಿ. ಮಳೆ ಬಂದಾಗ ಮೊದಲು ಆರಿಸುವುದು ದೀಪ ಮತ್ತು ಮೈಕಿನ ಸಾಲು. ವಿದ್ಯುತ್ ಆಘಾತದ ಭಯ ಅದಕ್ಕೆ ಕಾರಣ. ಕತ್ತಲಾಯಿತೆಂದರೆ ನಾಟಕ ರದ್ದಾಯಿತು ಅಂತಲ್ಲ. ಹತ್ತು ಹದಿನೈದು ನಿಮಿಷ ಕಾದು ನೋಡುತ್ತಾರೆ. ಅಷ್ಟು ಹೊತ್ತು ತಂತಿ, ದೀಪದ ಕಂಬಗಳಿಂದ ದೂರ ನಿಲ್ಲಿ. ಗುಡುಗು ಸಿಡಿಲಿದ್ದರೆ ಮರದಡಿ ನಿಲ್ಲಬೇಡಿ, ಕಟ್ಟಡದ ಜಗಲಿಗೆ ಹೋಗಿ.

ಒಂದು ಮೇ ತಿಂಗಳಲ್ಲಿ ಹೀಗೇ ಮಳೆ ಬಂದು ನಿಂತಾಗ ತಂಡದ ಹುಡುಗಿಯೊಬ್ಬಳು ತಮ್ಮ ನಾಟಕದ ಬ್ಯಾನರನ್ನೇ ಬಿಚ್ಚಿ, ಮಡಚಿ, ಮೆಟ್ಟಿಲಿನ ನೀರು ಒರೆಸುತ್ತಾ ಬಂದಳು. ಮೂವತ್ತು ಜನ ಉಳಿದಿದ್ದೆವು. ಮೈಕಿಲ್ಲದೆ, ಎರಡು ಸ್ಕೂಟರಿನ ದೀಪದಲ್ಲಿ ಉಳಿದ ಅರ್ಧ ಆಡಿದರು. ನಾನು ನೋಡಿದ ನಾಟಕಗಳಲ್ಲಿ ಅದನ್ನು ಮರೆಯುವುದು ಸಾಧ್ಯವಿಲ್ಲ.

ರದ್ದಾದರೆ ಹೊರಡುವ ಮೊದಲು ಮರುದಿನದ ಹೊತ್ತು, ಜಾಗ ಕೇಳಿಕೊಂಡೇ ಹೊರಡಿ.

ಹಂತ 9: ಜೋಳಿಗೆ, ವಿಡಿಯೊ

ನಾಟಕ ಮುಗಿದ ಮೇಲೆ ನಟರು ಒಂದು ಬಟ್ಟೆ ಹಿಡಿದು ಬರಬಹುದು. ಬೀದಿ ನಾಟಕದ ಕಾಲದಿಂದ ಬಂದ ಜೋಳಿಗೆ ಅದು. ಕೊಡಲೇಬೇಕೆಂಬ ನಿಯಮವಿಲ್ಲ, ಇದು ಟಿಕೆಟ್ಟೂ ಅಲ್ಲ. ಕೊಟ್ಟರೆ ಬಾಡಿಗೆ ದೀಪ, ಬಣ್ಣ, ಪಾತ್ರಧಾರಿಗಳ ಊಟಕ್ಕೆ ಹೋಗುತ್ತದೆ. ಕತ್ತಲಲ್ಲಿ ಫೋನ್ ತೆಗೆದು ಸ್ಕ್ಯಾನ್ ಮಾಡುವುದು ಕಷ್ಟ, ಸ್ವಲ್ಪ ಚಿಲ್ಲರೆ ನೋಟು ಜೇಬಿನಲ್ಲಿಟ್ಟುಕೊಳ್ಳಿ. ನಾಟಕ ಶುರುವಾಗುವ ಮೊದಲೇ "ಪಾಸಿಗೆ ಮುಂಗಡ ಕೊಡಿ" ಅಂತ ಯಾರಾದರೂ ಫೋನಿನಲ್ಲಿ ಕೇಳಿದರೆ ಕೊಡಬೇಡಿ. ಉಚಿತ ನಾಟಕಕ್ಕೆ ಪಾಸು ಮಾರುವವರು ಇರುವುದಿಲ್ಲ.

ಪೂರ್ತಿ ನಾಟಕದ ವಿಡಿಯೊ ಮಾಡಿ ಹಾಕಬೇಡಿ. ಮೇಲೆ ಹೇಳಿದ ಕಾನೂನಿನ ರಿಯಾಯಿತಿ ಎದುರಿಗೆ ಕೂತ ಪ್ರೇಕ್ಷಕರ ಮುಂದಿನ ಪ್ರದರ್ಶನಕ್ಕೆ ಇರುವುದು. ನೀವು ಪ್ರೀತಿಯಿಂದ ಹಾಕಿದ ವಿಡಿಯೊದಿಂದ ತೊಂದರೆ ಆಗುವುದು ತಂಡಕ್ಕೆ. ಕೊನೆಗೆ ಎಲ್ಲರೂ ಸಾಲಾಗಿ ನಿಂತು ನಮಸ್ಕರಿಸುವಾಗ ಒಂದು ಫೋಟೊ, ಅದೂ ಫ್ಲಾಶ್ ಇಲ್ಲದೆ, ತೆಗೆದುಕೊಳ್ಳಿ.

ಚಪ್ಪಾಳೆ ಮುಗಿದ ಮೇಲೆ ಹತ್ತು ನಿಮಿಷ ಉಳಿದು ಮಾತಾಡಿಸಿ. "ದಾವಣಗೆರೆಯಿಂದ ಬಂದ್ವಿ, ನಿಮ್ಮ ಅಜ್ಜನ ಪಾತ್ರ ಇಷ್ಟ ಆಯ್ತು" ಅಂದರೆ ಸಾಕು. ಮಾತು ಕೇಳಿಸಲಿಲ್ಲ, ದೃಶ್ಯ ಅರ್ಥವಾಗಲಿಲ್ಲ ಅನ್ನುವುದನ್ನೂ ಹೇಳಿ. ಮುಂದಿನ ಪ್ರದರ್ಶನಕ್ಕೆ ಅವರಿಗೆ ಅದೂ ಬೇಕು.

ಹಂತ 10: ರಾತ್ರಿ ಮತ್ತು ವಾಪಸ್

ಶಬ್ದಮಾಲಿನ್ಯದ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ನಾಟಕ ಎಷ್ಟೇ ತಡವಾದರೂ ಹತ್ತರೊಳಗೆ ಮುಗಿಯುತ್ತದೆ. ರಾತ್ರಿಯೇ ಹೊರಡುವವರು ಹನ್ನೊಂದರ ನಂತರದ ಬಸ್ಸು ಹಿಡಿಯಿರಿ. ಒಂಬತ್ತೂವರೆಯ ಬಸ್ಸಿಗೆ ಸೀಟು ಮಾಡಿಸಿ, ಕೊನೆಯ ದೃಶ್ಯದಲ್ಲಿ ಗಡಿಯಾರ ನೋಡುತ್ತಾ ಕೂರುವುದು ಬೇಡ.

ಸಂಸದಿಂದ ಊಟಕ್ಕೆ ವಿ.ವಿ. ಪುರದ ತಿಂಡಿ ಬೀದಿ ಹತ್ತಿರ, ಆಟೋದಲ್ಲಿ ಹೋಗಬಹುದು. ಜನವರಿಯಾದರೆ ಅವರೆಕಾಳಿನ ತಿಂಡಿಗಳ ಕಾಲ. ಅಲ್ಲಿಂದ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣ ನಡೆಯುವ ದೂರ, ಮೆಜೆಸ್ಟಿಕ್ ಮೂರನೇ ನಿಲ್ದಾಣ. ಕೊನೆಯ ಮೆಟ್ರೋ ಹನ್ನೊಂದರ ಸುಮಾರಿಗೆ, ಹತ್ತೂವರೆಗೆಲ್ಲ ನಿಲ್ದಾಣದಲ್ಲಿರಿ.

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಬೆಳಗ್ಗೆ ನಡೆಯಲು ಹಿತ. ನೆಂಟರ ಮನೆಗೆ ಹೋಗುವುದು ಆಮೇಲೆ. ವಾಪಸ್ ಬಸ್ಸು ಎಲ್ಲಿಂದ ಅಂತ ಟಿಕೆಟ್ಟಿನಲ್ಲಿ ಓದಿಕೊಳ್ಳಿ: ಮೈಸೂರು, ಮಂಡ್ಯ, ಮಡಿಕೇರಿ ಕಡೆಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ, ಹಾಸನ, ಶಿವಮೊಗ್ಗ, ಹುಬ್ಬಳ್ಳಿ ಕಡೆಗೆ ಮೆಜೆಸ್ಟಿಕ್‌ನಿಂದ. ಯಶವಂತಪುರ, ಗೊರಗುಂಟೆಪಾಳ್ಯದಲ್ಲಿ ಹತ್ತುವುದಾದರೆ ಬುಕ್ ಮಾಡುವಾಗಲೇ ಆ ಸ್ಟಾಪನ್ನು ಆರಿಸಿಕೊಂಡಿರಬೇಕು, ಇಲ್ಲದಿದ್ದರೆ ಕಂಡಕ್ಟರು ನಿಮಗಾಗಿ ಮೆಜೆಸ್ಟಿಕ್‌ನಲ್ಲಿ ಕಾಯುತ್ತಿರುತ್ತಾರೆ.